‘ಹೇಗೆ ಬಂತು?’ ಎಂಬ ಪ್ರಶ್ನೆ

ಓನಿರ್ ನಿರ್ದೇಶನದ ‘ಮೈ ಬ್ರದರ್... ನಿಖಿಲ್’ (2005) ಸಿನಿಮಾವನ್ನು ನಾನು ಮೊದಲು ನೋಡಿದ್ದು ಎಂ.ಎ. ಓದುವಾಗ, ಹಾಸ್ಟೆಲ್ಲಿನ ಮಂಚದ ಮೇಲೆ, ಇಯರ್‌ಫೋನ್ ಹಾಕಿಕೊಂಡು. ಅವತ್ತು ಅತ್ತಿದ್ದೆ. ಈಚೆಗೆ ಪಿಎಚ್.ಡಿ. ಕೆಲಸಕ್ಕೆಂದು ಮತ್ತೆ ನೋಡಿದಾಗ ಅಳು ಬರಲಿಲ್ಲ, ಒಂದು ತಕರಾರು ಹುಟ್ಟಿತು.

ಕಥೆ ನಡೆಯುವುದು ಎಂಬತ್ತರ ದಶಕದ ಕೊನೆಯ ಗೋವಾದಲ್ಲಿ. ಈಜುಗಾರ ನಿಖಿಲ್‌ಗೆ ಎಚ್‌ಐವಿ ಇರುವುದು ತಿಳಿಯುತ್ತದೆ. ತಂಡ ಕೈಬಿಡುತ್ತದೆ, ಅಪ್ಪ ಮನೆಯಿಂದ ಹೊರಹಾಕುತ್ತಾನೆ, ಪೊಲೀಸರು ಒಯ್ದು ಒಂಟಿಯಾಗಿ ಕೂಡಿಹಾಕುತ್ತಾರೆ. ಕೊನೆಯವರೆಗೆ ಜೊತೆಗಿರುವವರು ಸೋದರಿ ಅನಾಮಿಕಾ ಮತ್ತು ಸಂಗಾತಿ ನೈಜೆಲ್. ಇದಕ್ಕೆ ಪ್ರೇರಣೆ ಡೊಮಿನಿಕ್ ಡಿಸೋಜಾ ಅವರ ಬದುಕು. ರಕ್ತದಾನದ ಮೂಲಕ ಅವರ ಸೋಂಕು ಪತ್ತೆಯಾಗಿತ್ತು. 1989ರಲ್ಲಿ ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ ಅವರನ್ನು ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಬಂಧಿಸಿಡಲಾಯಿತು. 1992ರಲ್ಲಿ ಅವರು ತೀರಿಕೊಂಡರು.

ಸೋಂಕು ಹೇಗೆ ಬಂತು ಎಂಬುದಕ್ಕೆ ಸಿನಿಮಾ ಉತ್ತರ ಕೊಡುವುದಿಲ್ಲ. ಅದು ಸರಿಯಾದ ನಿರ್ಧಾರವೇ. ಯಾಕೆಂದರೆ ಆ ಪ್ರಶ್ನೆ ಕೇಳುವವರು ರೋಗಿಗಳನ್ನು ಪಾಪದವರು, ಪಾಪಿಗಳು ಎಂದು ಎರಡು ಸಾಲಿನಲ್ಲಿ ನಿಲ್ಲಿಸಲು ಹೊರಟವರು. 377ನೇ ಕಲಂ ಇನ್ನೂ ಜೀವಂತವಿದ್ದ ಕಾಲದಲ್ಲಿ ನಿರ್ದೇಶಕರು ಆ ವಿಂಗಡಣೆಗೆ ಒಪ್ಪಲಿಲ್ಲ.

ನನ್ನ ತಕರಾರು ಆ ಮೌನದಿಂದ ನಾನು ಕಲಿತ ಪಾಠದ ಬಗ್ಗೆ.

ಎರಡು ವರ್ಷದ ಹಿಂದೆ ನನ್ನ ಅಂಗೈ, ಅಂಗಾಲುಗಳಲ್ಲಿ ಕೆಂಪು ಕಲೆಗಳೆದ್ದವು. ತುರಿಕೆಯಿರಲಿಲ್ಲ. ವೈದ್ಯರು ಕೇಳಿದರು: “ಮದುವೆ ಆಗಿದೆಯಾ?” “ಇಲ್ಲ ಸಾರ್.” ಅವರ ಮಟ್ಟಿಗೆ ಆ ಅಧ್ಯಾಯ ಅಲ್ಲಿಗೆ ಮುಗಿಯಿತು. ಅಲರ್ಜಿಯ ಮಾತ್ರೆ ಬರೆದರು. ನಾನು ಬಾಯಿ ಬಿಡಲಿಲ್ಲ. ‘ಹೇಗೆ’ ಎಂಬುದನ್ನು ಹೇಳದಿರುವುದೇ ಘನತೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅದು ಹೆದರಿಕೆ. ಕಲೆಗಳು ತಾವಾಗಿಯೇ ಮಾಯವಾದವು. ರೋಗ ಉಳಿಯಿತು. ಸಿಫಿಲಿಸ್‌ನ ನಡೆಯೇ ಹಾಗೆ.

ಇದು ನನ್ನೊಬ್ಬನ ಕಥೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನ್ಯಾಕೋ ಸಮೀಕ್ಷೆಗಳ ಪ್ರಕಾರ ಗಂಡಸರೊಡನೆ ಲೈಂಗಿಕ ಸಂಪರ್ಕವಿರುವ ಗಂಡಸರಲ್ಲಿ ಎಚ್‌ಐವಿ ಪ್ರಮಾಣ 2017ರಲ್ಲಿ ಶೇ. 2.7ರಷ್ಟಿತ್ತು, 2021ರಲ್ಲಿ ಶೇ. 3.3ರಷ್ಟಾಯಿತು. ದೇಶದ ಒಟ್ಟು ವಯಸ್ಕರಲ್ಲಿ ಅದು ಸುಮಾರು ಶೇ. 0.2. ಸಿಫಿಲಿಸ್‌ನ ಹುಣ್ಣು ಎಚ್‌ಐವಿಗೆ ಬಾಗಿಲು ತೆರೆದುಕೊಡುತ್ತದೆ. ಗಂಟಲು, ಗುದದ್ವಾರಗಳಲ್ಲಿನ ಗೊನೊರಿಯಾ ಎಷ್ಟೋ ಸಲ ಲಕ್ಷಣವನ್ನೇ ತೋರಿಸುವುದಿಲ್ಲ. ಮೂತ್ರಪರೀಕ್ಷೆಗೂ ಅದು ಸಿಗದು. ಎಲ್ಲಿ ಪರೀಕ್ಷಿಸಬೇಕೆಂದು ತಿಳಿಯಲು ವೈದ್ಯರು ‘ಹೇಗೆ’ ಎಂದು ಕೇಳಲೇಬೇಕು, ನಾವು ಹೇಳಲೇಬೇಕು. ಪೊಲೀಸರ ಬಾಯಲ್ಲಿ ಶಿಕ್ಷೆಯಾಗಿದ್ದ ಪ್ರಶ್ನೆಯೇ ಇಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ.

ನಿಖಿಲ್‌ನ ಕಥೆಯನ್ನು ಬೇರೆ ಪಾತ್ರಗಳು ಕ್ಯಾಮೆರಾದತ್ತ ನೋಡುತ್ತಾ, ನೆನಪಿನಿಂದ ಹೇಳುತ್ತಾರೆ. ಅಂದರೆ ಕಥೆ ಶುರುವಾಗುವ ಹೊತ್ತಿಗೇ ಅವನಿಲ್ಲ. ಅಂದಿನ ಮಟ್ಟಿಗೆ ಅದು ವಾಸ್ತವ. ಆದರೆ ಸರ್ಕಾರಿ ಕೇಂದ್ರಗಳಲ್ಲಿ ಎಆರ್‌ಟಿ ಔಷಧಿ 2004ರಿಂದ ಉಚಿತವಾಗಿ ಸಿಗುತ್ತಿದೆ. ವೈರಾಣು ಪರೀಕ್ಷೆಗೆ ಸಿಗದಷ್ಟು ತಗ್ಗಿ, ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಸೋಂಕು ತಡೆಯುವ ಪ್ರೆಪ್ ಮಾತ್ರೆಯೂ ಇದೆ. ಇಷ್ಟೆಲ್ಲ ಆದರೂ ಈ ರೋಗವೆಂದರೆ ನಮ್ಮ ಕಲ್ಪನೆ ಇನ್ನೂ ಸಾವಿನ ಹಾಸಿಗೆಯ ಹತ್ತಿರವೇ ನಿಂತಿದೆ.

ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ (2013) ನನ್ನಂಥವರ ಆಸೆಗೆ, ಅಗಲಿಕೆಗೆ, ಸಿಕ್ಕಿಬೀಳುವ ಭಯಕ್ಕೆ ಮಾತು ಕೊಟ್ಟಿತು. ಆ ಋಣ ದೊಡ್ಡದು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಚೀಟಿ ಹಿಡಿದು ಕೂತು, ಇಂಜೆಕ್ಷನ್ ಚುಚ್ಚಿಸಿಕೊಂಡು, ಸಂಜೆ ಮೆಸ್ಸಿನಲ್ಲಿ ಊಟ ಮಾಡುವವನ ಕಥೆಯನ್ನು ನಾನಿನ್ನೂ ಕನ್ನಡದಲ್ಲಿ ಓದಿಲ್ಲ. ವಾಸಿಯಾಗುವ ರೋಗಕ್ಕೆ ದುರಂತದ ಗಾಂಭೀರ್ಯವಿಲ್ಲ, ಅದಕ್ಕೇ ಇರಬೇಕು.

ಕಲೆ ಮಾಯವಾಗಿ ಮೂರು ತಿಂಗಳಾದ ಮೇಲೆ ಬೇರೊಂದು ಕಡೆ ರಕ್ತಪರೀಕ್ಷೆಗೆ ಹೋದೆ. ಅಲ್ಲಿನ ಸಮಾಲೋಚಕಿ ತಲೆಯೆತ್ತದೆ, ಫಾರಂ ತುಂಬುತ್ತಲೇ ಕೇಳಿದರು: “ಗಂಡಸರ ಜೊತೆಗಾ, ಹೆಂಗಸರ ಜೊತೆಗಾ, ಇಬ್ಬರ ಜೊತೆಗೂನಾ?” ಊರು, ವಯಸ್ಸು ಕೇಳಿದ ದನಿಯಲ್ಲೇ ಕೇಳಿದ್ದರು. ಹೇಳಿದೆ. ಸಿಫಿಲಿಸ್ ಇತ್ತು, ಎಚ್‌ಐವಿ ಇರಲಿಲ್ಲ. ಪೆನಿಸಿಲಿನ್ ಚುಚ್ಚಿದರು. ಎರಡು ದಿನ ಕೂರಲು ಕಷ್ಟವಾಯಿತು. ಆ ನಡುವಿನ ಮೂರು ತಿಂಗಳಲ್ಲಿ ನನ್ನ ಜೊತೆಗಿದ್ದವನಿಗೂ ಫೋನ್ ಮಾಡಿ ಪರೀಕ್ಷೆ ಮಾಡಿಸಿಕೋ ಎನ್ನಬೇಕಾಯಿತು. ಅವನು ಮೊದಲು ಕೇಳಿದ್ದು, “ನಿನಗೆ ಹೇಗೆ ಬಂತು?”