ಕಾವು, ಶಕ್ತಿಪುಡಿ ಮತ್ತು ಎಚ್‌ಐವಿ

ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳಿಗೆ ಕಾವಿನ ಲೆಕ್ಕ ಗೊತ್ತು. ಗೂಡಿಗೆ ಹಬೆಯನ್ನೋ ಬಿಸಿಗಾಳಿಯನ್ನೋ ಕೊಟ್ಟರೆ ಒಳಗಿನ ಹುಳ ಸಾಯುತ್ತದೆ, ನೂಲು ಉಳಿಯುತ್ತದೆ. 1990ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಕೆನೆತ್ ಅಲೊನ್ಸೊ, ವಿಲಿಯಂ ಲೋಗನ್ ಎಂಬ ವೈದ್ಯರು ಏಡ್ಸ್ ರೋಗಿಯ ರಕ್ತವನ್ನು ಹೊರಗೆ ಹರಿಸಿ, ಕಾಯಿಸಿ, ಮತ್ತೆ ಮೈಗೆ ಬಿಟ್ಟದ್ದೂ ಹೆಚ್ಚುಕಡಿಮೆ ಇದೇ ಲೆಕ್ಕದ ಮೇಲೆ. ರೋಗಿ ಚೇತರಿಸಿಕೊಂಡನೆಂಬ ಸುದ್ದಿ ಭಾರಿ ಸದ್ದು ಮಾಡಿತು. ಸರ್ಕಾರಿ ತಜ್ಞರು ಅದೇ ವರ್ಷ ಪರಿಶೀಲಿಸಿ, ಲಾಭಕ್ಕೆ ಪುರಾವೆಯಿಲ್ಲ ಎಂದರು.

ಪ್ರಯೋಗಾಲಯದಲ್ಲಿ 56 ಡಿಗ್ರಿ ಕಾವಿನಲ್ಲಿ ಅರ್ಧ ಗಂಟೆ ಇಟ್ಟರೆ ಎಚ್‌ಐವಿ ನಿಷ್ಕ್ರಿಯವಾಗುತ್ತದೆ, ನಿಜ. ಮನುಷ್ಯನ ಮೈ 42 ದಾಟಿದರೆ ತಡೆಯದು. ಸಾಲದ್ದಕ್ಕೆ ಈ ವೈರಸ್ ಗೂಡಿನ ಹುಳದ ಹಾಗೆ ಬೇರೆಯಾಗಿ ಕೂತಿರುವುದಿಲ್ಲ. ಜೀವಕೋಶದ ಡಿಎನ್‌ಎಯಲ್ಲೇ, ಅಂದರೆ ನೂಲಿನ ಎಳೆಯಲ್ಲೇ, ಸೇರಿಹೋಗಿರುತ್ತದೆ. 1990ರಲ್ಲಿ ಕೈಯಲ್ಲಿದ್ದ ಮದ್ದು ಎಜೆಡ್‌ಟಿ ಒಂದೇ. ಹಾಗಾಗಿ ಪ್ರಯೋಗಕ್ಕಿಳಿದದ್ದನ್ನು ನಾನು ದೂರಲಾರೆ. ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲದೆಯೇ ಒಬ್ಬನ ಚೇತರಿಕೆಯನ್ನು ಚಿಕಿತ್ಸೆಯ ಗೆಲುವೆಂದು ಸಾರಿದ್ದು ಮಾತ್ರ ತಪ್ಪು.

ಪೌಷ್ಟಿಕಾಂಶದ ವಿಚಾರ ಇಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಟಾಂಜಾನಿಯಾದಲ್ಲಿ 1,078 ಸೋಂಕಿತ ಗರ್ಭಿಣಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಬಿ, ಸಿ, ಇ ವಿಟಮಿನ್ ಪಡೆದವರಲ್ಲಿ ರೋಗ ಕೊನೆಯ ಹಂತಕ್ಕೆ ಹೋದವರು ಅಥವಾ ತೀರಿಕೊಂಡವರು ಶೇ 24.7; ಬರೀ ಹುಸಿಮಾತ್ರೆ ನುಂಗಿದವರಲ್ಲಿ ಶೇ 31.1. ಆದರೆ ಅವರಿಗೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮದ್ದು ಸಿಕ್ಕಿರಲಿಲ್ಲ. ಮುಂದೆ ಅದೇ ದೇಶದಲ್ಲಿ ಎಆರ್‌ಟಿ ಮೇಲಿದ್ದ 3,418 ಮಂದಿಯಲ್ಲಿ ಹೆಚ್ಚಿನ ಪ್ರಮಾಣದ ವಿಟಮಿನ್ ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ. ಯಕೃತ್ತಿಗೆ ಪೆಟ್ಟಾಗುವ ಸೂಚನೆ ಕಂಡು ಅಧ್ಯಯನವನ್ನೇ ನಡುವೆ ನಿಲ್ಲಿಸಿದರು. ಮದ್ದಿಲ್ಲದ ಕಾಲದ ಆಸರೆಯನ್ನು ಮದ್ದಿರುವ ಕಾಲದಲ್ಲಿ ಮದ್ದೆಂದೇ ಮಾರುವುದು ಸಲ್ಲದು.

ನಮ್ಮಲ್ಲಿ ಎಆರ್‌ಟಿ ಉಚಿತವಾದದ್ದು 2004ರಿಂದ. ಆದರೂ ಗೌರಿಬಿದನೂರಿನಿಂದ ಚಿಂತಾಮಣಿವರೆಗೆ ‘ಮಾತ್ರೆ ಉಷ್ಣ, ಶಕ್ತಿಗೇನಾದರೂ ಬೇಕು’ ಎನ್ನುವ ಮಾತಿಗೆ ಬರವಿಲ್ಲ. ಔಷಧವೊಂದು ಏಡ್ಸ್ ವಾಸಿ ಮಾಡುತ್ತದೆಂದು ಹೇಳಿಕೊಳ್ಳುವುದನ್ನು ಔಷಧ ನಿಯಮಗಳ ‘ಜೆ’ ಷೆಡ್ಯೂಲ್ ನಿಷೇಧಿಸಿದೆ. ಆದರೆ ಶಕ್ತಿಪುಡಿಯ ಡಬ್ಬಿಯ ಮೇಲೆ ‘ರೋಗನಿರೋಧಕ ಶಕ್ತಿಗೆ’ ಎಂದಿದ್ದರೆ ಕೊಳ್ಳುವವರು ಉಳಿದದ್ದನ್ನು ತಾವೇ ಓದಿಕೊಳ್ಳುತ್ತಾರೆ. ಈಗ ಹೆಚ್ಚಿನವರು ನುಂಗುವ ದಿನಕ್ಕೊಂದು ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇದೆ. ಖಾಲಿ ಹೊಟ್ಟೆಯಲ್ಲಿ ಅದರ ಜೊತೆಗೇ ಕಬ್ಬಿಣಾಂಶದ, ಕ್ಯಾಲ್ಸಿಯಂನ ಮಾತ್ರೆ ತಗೊಂಡರೆ ಮದ್ದು ಮೈಗೆ ಸರಿಯಾಗಿ ಹತ್ತದು. ಊಟದ ಜೊತೆಯಾದರೆ ಎರಡನ್ನೂ ಒಟ್ಟಿಗೇ ತಗೊಳ್ಳಬಹುದು; ಇಲ್ಲವಾದರೆ ಎಆರ್‌ಟಿ ಮಾತ್ರೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ. ಇವೇ ಅಂಶಗಳಿರಬಹುದಾದ ಶಕ್ತಿಪುಡಿಯ ಡಬ್ಬಿಯನ್ನು ಎಆರ್‌ಟಿ ಕೇಂದ್ರದ ವೈದ್ಯರಿಗೆ ತೋರಿಸದೆ ಮುಚ್ಚಿಡುವವರು ಕಳೆದುಕೊಳ್ಳುವುದು ಬರೀ ದುಡ್ಡನ್ನಲ್ಲ.