ತಂತಿ ಕಟ್ಟುವ ತಮಾಷೆ

2007ರ ಡಿಸೆಂಬರ್ 27. ಕ್ರಿಸ್‌ಮಸ್ ಮುಗಿದು ಎರಡು ದಿನವಾಗಿತ್ತು. ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯ ಅಂಕಣಕಾರ ಮ್ಯಾಥ್ಯೂ ಪ್ಯಾರಿಸ್ ಅಂದು ತಮ್ಮ ಓದುಗರ ಮುಂದೆ ಒಂದು ಸಲಹೆ ಇಟ್ಟರು. ಹಳ್ಳಿಗಾಡಿನ ರಸ್ತೆಗಳಿಗೆ ಅಡ್ಡಲಾಗಿ ಪಿಯಾನೊ ತಂತಿ ಬಿಗಿದು ಸೈಕಲ್ ಸವಾರರ ತಲೆ ಹಾರಿಸುವುದನ್ನು ಹಬ್ಬದ ಒಂದು ಸಂಪ್ರದಾಯವಾಗಿ ಬೆಳೆಸಬಾರದೇಕೆ ಎಂಬುದು ಅದರ ಸಾರಾಂಶ. ಸವಾರರ ಬಿಗಿ ಉಡುಪು, ಅವರ ಅಹಂಕಾರ, ಬೇಲಿಯ ಬದಿಗೆ ಅವರು ಎಸೆದು ಹೋಗುತ್ತಾರೆನ್ನಲಾದ ಪಾನೀಯದ ಡಬ್ಬಿಗಳು, ಇವೇ ಅವರ ಸಿಟ್ಟಿಗೆ ಕಾರಣ.

ಸವಾರರು ಸುಮ್ಮನಿರಲಿಲ್ಲ. ಸಂಪಾದಕರಿಗೆ ಪತ್ರಗಳು ಹೋದವು, ಪತ್ರಿಕಾ ದೂರು ಆಯೋಗಕ್ಕೆ ನೂರಾರು ದೂರುಗಳು ಹೋದವು. ಹಾದಿಗೆ ಅಡ್ಡ ತಂತಿ ಕಟ್ಟುವುದು ಬರೀ ಕಲ್ಪನೆಯಲ್ಲ, ಬ್ರಿಟನ್ನಿನಲ್ಲಿ ಅಂಥ ಕೃತ್ಯಗಳು ನಿಜವಾಗಿಯೂ ನಡೆದಿವೆ. ಕೊನೆಗೆ ಪ್ಯಾರಿಸ್ ಕ್ಷಮೆ ಕೇಳಿದರು. ತಮಾಷೆಗೆಂದು ಬರೆದದ್ದು, ಅಂದಾಜು ತಪ್ಪಿತು ಎಂದರು.

ಹಾಗಾದರೆ ಸೈಕಲ್ ತುಳಿಯುವವರಿಗೆ ಹಾಸ್ಯಪ್ರಜ್ಞೆ ಇಲ್ಲವೇ? ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವಂತಿಲ್ಲ. ಏಕೆಂದರೆ ಇಂಥ ಬರಹಗಳೆಲ್ಲ ಆಶ್ರಯ ಪಡೆಯುವುದು ಹಾಸ್ಯದ ನೆರಳಿನಲ್ಲೇ.

ಉರ್ದುವಿನಲ್ಲಿ 'ತಂಜ್-ಒ-ಮಿಜಾಹ್' ಎಂದು ಒಟ್ಟಿಗೇ ಹೇಳುತ್ತಾರೆ, ವ್ಯಂಗ್ಯ ಮತ್ತು ವಿನೋದ. ಉರ್ದು ಓದಿದವರಿಗೆ ಸೈಕಲ್ ಎಂದೊಡನೆ ನೆನಪಾಗುವುದು ಪತ್ರಸ್ ಬುಖಾರಿಯವರ 'ಮರ್ಹೂಮ್ ಕೀ ಯಾದ್ ಮೇಂ' ಎಂಬ ಪ್ರಬಂಧ. ದಿವಂಗತರ ನೆನಪಿನಲ್ಲಿ ಎಂದು ಅದರ ಅರ್ಥ. ಆ ದಿವಂಗತ ಬೇರಾರೂ ಅಲ್ಲ, ಗೆಳೆಯ ಮಿರ್ಜಾನಿಂದ ಕೊಂಡ ಒಂದು ಹಳೆಯ ಸೈಕಲ್. ಅದರ ಒಂದೊಂದು ಭಾಗ ಒಂದೊಂದು ಸದ್ದು ಮಾಡುತ್ತದೆ. ಸೀಟು ಕುಸಿಯುತ್ತದೆ, ಹ್ಯಾಂಡಲ್ ಕೆಳಗಿಳಿಯುತ್ತದೆ, ನೋಡುವವರು ನಗುತ್ತಾರೆ. ನಾವೂ ಬಿದ್ದು ಬಿದ್ದು ನಗುತ್ತೇವೆ. ಆದರೆ ಅಲ್ಲಿ ಹಾಸ್ಯಕ್ಕೆ ಗುರಿಯಾದವನು ಸ್ವತಃ ನಿರೂಪಕ. ಮುರುಕಲು ಸೈಕಲ್ಲಿನ ಮೇಲೆ ಕುಳಿತವನೇ ತನ್ನ ಪೇಚಾಟವನ್ನು ಹೇಳಿಕೊಳ್ಳುತ್ತಿದ್ದಾನೆ. ಪ್ಯಾರಿಸ್ ಅವರ ಬರಹದಲ್ಲಿ ನಗುವವರ ಕೊರಳು ಸುರಕ್ಷಿತವಾಗಿದೆ, ತಂತಿ ಇರುವುದು ಬೇರೆಯವರ ಕೊರಳಿಗೆ. ಹಾಸ್ಯವನ್ನು ಅಳೆಯಲು ನಮಗೆ ಇದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲ.

ಈ ಬರಹಗಳ ಕಟ್ಟಡವನ್ನೊಮ್ಮೆ ಗಮನಿಸಬೇಕು. ಮೊದಲು ಒಂದು ಡಬ್ಬಿ ಕಾಣುತ್ತದೆ. ಅದನ್ನು ಎಸೆದವನು ಕಾಣುವುದಿಲ್ಲ. ಮುಂದಿನ ವಾಕ್ಯದಲ್ಲಿ ಅವನು 'ಅವರು' ಆಗುತ್ತಾನೆ. ಅದರ ಮುಂದಿನ ವಾಕ್ಯದಲ್ಲಿ 'ಅವರೆಲ್ಲ ಹಾಗೆಯೇ' ಎಂಬ ತೀರ್ಪು ಬಂದುಬಿಡುತ್ತದೆ. ಕಾರಿನ ಕಿಟಕಿಯಿಂದ ಬಾಟಲಿ ಎಸೆದವನನ್ನು ಯಾರೂ 'ಕಾರಿನವರ ಜಾತಿ' ಎಂದು ಬೈಯುವುದಿಲ್ಲ. ಅವನು ಒಬ್ಬ ಕೆಟ್ಟ ಮನುಷ್ಯ, ಅಷ್ಟೇ. ಬಹುಸಂಖ್ಯಾತನ ತಪ್ಪಿಗೆ ಅವನೊಬ್ಬನೇ ಹೊಣೆ, ಅಲ್ಪಸಂಖ್ಯಾತನ ತಪ್ಪಿಗೆ ಅವನ ಇಡೀ ಗುಂಪು ಹೊಣೆ. ಈ ವ್ಯಾಕರಣ ನಮ್ಮ ಓದುಗರಿಗೆ ಹೊಸದಲ್ಲ.

2009ರಲ್ಲಿ 'ಮೇಲ್ ಆನ್ ಸಂಡೇ'ಯಲ್ಲಿ ಅಡುಗೆಯ ಟಿವಿ ಕಾರ್ಯಕ್ರಮಗಳಿಂದ ಹೆಸರಾದ ಜೇಮ್ಸ್ ಮಾರ್ಟಿನ್ ಟೆಸ್ಲಾ ವಿದ್ಯುತ್ ಕಾರಿನ ವಿಮರ್ಶೆ ಬರೆದರು. ಸದ್ದಿಲ್ಲದ ಕಾರಿನಲ್ಲಿ ಸವಾರರ ಹಿಂದೆ ಹೋಗಿ ಹಠಾತ್ತನೆ ಹಾರ್ನ್ ಬಾರಿಸಿ ಅವರು ಬೇಲಿಗೆ ಉರುಳಿದ್ದನ್ನು ಖುಷಿಯಿಂದ ವರ್ಣಿಸಿದರು. ಮತ್ತೆ ಪ್ರತಿಭಟನೆ, ಮತ್ತೆ ಕ್ಷಮೆ.

ಇದೆಲ್ಲ ಬರೀ ಮಾತು, ಮಾತಿನಿಂದ ಯಾರೂ ಸಾಯುವುದಿಲ್ಲ ಎನ್ನುವವರಿದ್ದಾರೆ. ಆಸ್ಟ್ರೇಲಿಯಾದ ಸಂಶೋಧಕರು 442 ಜನರ ಸಮೀಕ್ಷೆ ನಡೆಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾನರನಿಂದ ಮನುಷ್ಯನವರೆಗಿನ ಒಂದು ಚಿತ್ರಸಾಲು, ಜಿರಳೆಯಿಂದ ಮನುಷ್ಯನವರೆಗಿನ ಇನ್ನೊಂದು ಸಾಲು. ಇದರಲ್ಲಿ ಸೈಕಲ್ ಸವಾರ ಎಲ್ಲಿ ನಿಲ್ಲುತ್ತಾನೆ ಎಂಬುದು ಪ್ರಶ್ನೆ. ಸೈಕಲ್ ತುಳಿಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವನನ್ನು ಪೂರ್ಣ ಮನುಷ್ಯನಿಗಿಂತ ಕೆಳಗೆ ನಿಲ್ಲಿಸಿದರು. ಹಾಗೆ ಕೆಳಗೆ ನಿಲ್ಲಿಸಿದವರೇ ರಸ್ತೆಯಲ್ಲಿ ಅವನ ಮೇಲೆ ಹೆಚ್ಚು ಆಕ್ರಮಣಕಾರಿಯಾಗಿ ನಡೆದುಕೊಂಡದ್ದಾಗಿಯೂ ಒಪ್ಪಿಕೊಂಡರು. ಅಂಕಣ ಓದಿದವನು ಮರುದಿನ ಕಾರು ಹತ್ತುತ್ತಾನೆ ಎಂಬುದನ್ನು ಬರೆಯುವವರು ಮರೆಯಬಾರದು.

ಆದರೆ ಎದುರು ಪಕ್ಷದ ಮಾತನ್ನೂ ಕೇಳಬೇಕು. 2014ರ ಜುಲೈನಲ್ಲಿ 'ವಾಷಿಂಗ್ಟನ್ ಪೋಸ್ಟ್' ಅಂಕಣಕಾರ ಕೋರ್ಟ್‌ಲ್ಯಾಂಡ್ ಮಿಲಾಯ್, ಸವಾರರ ದರ್ಪ ಎಷ್ಟಿದೆಯೆಂದರೆ 500 ಡಾಲರ್ ದಂಡ ತೆತ್ತಾದರೂ ಅವರಿಗೆ ಡಿಕ್ಕಿ ಹೊಡೆಯಬಹುದು ಎಂದು ಕೆಲವು ಚಾಲಕರಿಗೆ ಅನ್ನಿಸೀತು ಎಂದು ಬರೆದರು. ಮಿಲಾಯ್ ಕಪ್ಪು ಜನಾಂಗದವರು. ತಲೆಮಾರುಗಳಿಂದ ಕಪ್ಪು ಜನ ಬಾಳಿದ ಕೇರಿಗಳಿಗೆ ಹಣವುಳ್ಳ ಬಿಳಿಯರು ಬಂದು ನೆಲೆಸಿದರು, ಬಾಡಿಗೆ ಏರಿತು, ಹಳಬರು ಜಾಗ ಬಿಟ್ಟರು. ಹೊಸಬರ ಜೊತೆಗೇ ಸೈಕಲ್ ಪಥಗಳೂ ಬಂದವು. ಸೈಕಲ್ಲಿನ ಮೇಲಿನ ಅವರ ಕೋಪದ ಹಿಂದೆ ಮನೆ ಕಳೆದುಕೊಂಡವರ ನೋವಿತ್ತು. ಆ ನೋವು ನಿಜ. ಆದರೆ ಅದು ಭೂಮಿಯ ಬೆಲೆಯ ವಿರುದ್ಧ ತಿರುಗದೆ ದಾರಿಯಲ್ಲಿ ಹೋಗುವವನ ಮೈಮೇಲೆ ತಿರುಗಿತು. ಅಲ್ಲಿಯೇ ಅಂಕಣ ಸೋತಿತು.

ಅದಕ್ಕೆ ಸವಾರರ ಪ್ರತಿಕ್ರಿಯೆ ನಮಗೆ ಹಿಡಿಸಿತು. ಅವರು ಗುಂಪುಗೂಡಿ ಸೈಕಲ್ ತುಳಿಯುತ್ತಾ ಪತ್ರಿಕೆಯ ಕಚೇರಿಯ ಮುಂದೆ ಹೋಗಿ ನಿಂತರು. ಬಳಿಕ ಕಪ್ಪು ಮಹಿಳೆಯರ ಸೈಕಲ್ ಸಂಘಟನೆಯೊಂದರ ಸ್ಥಾಪಕಿಯೊಬ್ಬರು ಮಿಲಾಯ್ ಅವರನ್ನೇ ಸವಾರಿಗೆ ಕರೆದೊಯ್ದರು. ಸೈಕಲ್ ಬಿಳಿಯರ ಸೊತ್ತಲ್ಲ ಎಂಬುದನ್ನು ಅವರ ಜೊತೆಗಿನ ಆ ಒಂದು ಸವಾರಿ ಹೇಳಿದಷ್ಟು ನೂರು ದೂರುಗಳು ಹೇಳಲಾರವು.

ಎಲ್ಲ ಪ್ರತಿಕ್ರಿಯೆಗಳೂ ಇಷ್ಟು ಘನತೆಯವಲ್ಲ. ಚಾಲಕರೆಲ್ಲ ಕೊಲೆಗಡುಕರು ಎಂದು ತಿರುಗಿ ಬೈಯುವುದು ಒಂದು ಬಗೆ. ಅದು ಅದೇ ವ್ಯಾಕರಣದ ಇನ್ನೊಂದು ವಾಕ್ಯ. ಇನ್ನೊಂದು ಬಗೆ, 'ನಾನು ಅಂಥ ಸವಾರನಲ್ಲ, ಕೆಂಪು ದೀಪಕ್ಕೆ ನಿಲ್ಲುತ್ತೇನೆ, ಹೆಲ್ಮೆಟ್ ಹಾಕುತ್ತೇನೆ' ಎಂದು ಪ್ರಮಾಣಪತ್ರ ತೋರಿಸುವುದು. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕ್ ಇಲ್ಲದ ಸೈಕಲ್ಲೊಂದು ಡಿಕ್ಕಿ ಹೊಡೆದು ಪಾದಚಾರಿ ಮಹಿಳೆಯೊಬ್ಬರು ತೀರಿಕೊಂಡರು. 1861ರ ಕಾನೂನಿನಡಿ ಸವಾರನಿಗೆ 2017ರಲ್ಲಿ 18 ತಿಂಗಳ ಶಿಕ್ಷೆಯಾಯಿತು. ಅವನ ಅಪರಾಧಕ್ಕೆ ಶಿಕ್ಷೆ ಆಗಲೇಬೇಕಿತ್ತು. ಆದರೆ ಅವನನ್ನು ಕಂಡೇ ಇರದ ಸಾವಿರಾರು ಸವಾರರು ಅವನ ಪರವಾಗಿ ತಲೆ ತಗ್ಗಿಸಬೇಕೇ? ಎಲ್ಲೋ ಯಾರೋ ಮಾಡಿದ ಕೃತ್ಯವನ್ನು ಖಂಡಿಸುತ್ತೇವೆಂದು ಪ್ರತಿಬಾರಿ ಮೊದಲು ಹೇಳಿ ನಂತರವೇ ಮಾತು ಆರಂಭಿಸಬೇಕಾದ ಅನುಭವ ನಮಗಿದೆ. ಒಮ್ಮೆ ಪ್ರಮಾಣಪತ್ರ ತೋರಿಸಿದವನು ದಿನವೂ ತೋರಿಸುತ್ತಿರಬೇಕಾಗುತ್ತದೆ.

ಇಲ್ಲಿ ಎಚ್ಚರವೂ ಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಬ್ರಿಟನ್ನಿನ ಪತ್ರಿಕಾ ಸಂಹಿತೆಯ ತಾರತಮ್ಯದ ಕಲಮು ವ್ಯಕ್ತಿಯನ್ನು ಮಾತ್ರ ರಕ್ಷಿಸುತ್ತದೆ, ಗುಂಪನ್ನಲ್ಲ. 2015ರಲ್ಲಿ 'ದಿ ಸನ್' ಅಂಕಣದಲ್ಲಿ ಕೇಟಿ ಹಾಪ್ಕಿನ್ಸ್ ವಲಸಿಗರನ್ನು ಜಿರಳೆಗಳಿಗೆ ಹೋಲಿಸಿದಾಗ ಈ ಕಲಮು ನೆರವಿಗೆ ಬರಲಿಲ್ಲ. 2017ರಲ್ಲಿ ಅದೇ ಪತ್ರಿಕೆಯಲ್ಲಿ ಟ್ರೆವರ್ ಕವನಾ 'ಮುಸ್ಲಿಂ ಸಮಸ್ಯೆ' ಎಂದು ಬರೆದಾಗಲೂ ಬರಲಿಲ್ಲ. ಸವಾರರು ಬಡಿದ ಬಾಗಿಲೂ ಇದೇ. ಆದರೆ ಸೈಕಲ್ ಸವಾರ ಸಂಜೆ ಸೈಕಲ್ಲಿಗೆ ಬೀಗ ಹಾಕಿ ಒಳಗೆ ಹೋದರೆ ಅವನು ಮತ್ತೆ 'ಎಲ್ಲರಂತೆ' ಆಗುತ್ತಾನೆ. ಹೆಸರನ್ನೂ ಚರ್ಮವನ್ನೂ ಹಾಗೆ ಬೀಗ ಹಾಕಿ ಇಡಲಾಗುವುದಿಲ್ಲ. ಅಂಕಣಕ್ಕೆ ಸಿಟ್ಟಾದ ಸವಾರರು ತಮಗಾದ ಆ ಕೆಲವು ಗಂಟೆಗಳ ಅನುಭವವನ್ನು ಮರೆಯದಿದ್ದರೆ, ಇಡೀ ಬದುಕನ್ನು ಹಾಗೆ ಕಳೆಯುವವರ ಪಕ್ಕದಲ್ಲಿ ನಿಲ್ಲಲು ಅದು ಸಾಕು. ಸ್ವತಃ ಪ್ಯಾರಿಸ್ ಅವರೂ ಸಲಿಂಗಿಗಳ ಹಕ್ಕಿಗಾಗಿ ಹೋರಾಡಿದ ಅಲ್ಪಸಂಖ್ಯಾತರೇ. ನೋವುಂಡವನು ಇನ್ನೊಬ್ಬರ ನೋವನ್ನು ತಾನಾಗಿ ಅರಿಯುತ್ತಾನೆ ಎಂಬ ಭರವಸೆ ಇಲ್ಲ. ಅದನ್ನು ಕಲಿಯಬೇಕಾಗುತ್ತದೆ.

ನಮ್ಮ ಊರುಗಳಲ್ಲಿ ಸೈಕಲ್ ತುಳಿಯುವವರ ವಿರುದ್ಧ ಯಾರೂ ಅಂಕಣ ಬರೆಯುವುದಿಲ್ಲ. ಹಾಲು ಹಾಕುವವನು, ಗುಜರಿಯವನು, ಮೀನು ಮಾರುವವನು, ಕರಣೆ ಚೀಲ ತೂಗುಹಾಕಿಕೊಂಡ ಗಾರೆಯವನು ದ್ವೇಷಕ್ಕೂ ಲೆಕ್ಕಕ್ಕಿಲ್ಲದವರು. ಹಾರ್ನ್ ಬಾರಿಸಿದರೆ ಅವರು ಮಾತಾಡದೆ ಮಣ್ಣಿಗೆ ಇಳಿಯುತ್ತಾರೆ, ದೂರು ಆಯೋಗದ ವಿಳಾಸ ಅವರಿಗೆ ಗೊತ್ತಿಲ್ಲ. ಎಷ್ಟೋ ಮನೆಗಳಿಗೆ ಬೆಳಗಿನ ಪತ್ರಿಕೆ ತಲುಪುವುದು ಹುಡುಗನೊಬ್ಬನ ಸೈಕಲ್ಲಿನ ಮೇಲೆ. ಲೇಖನಿ ಹಿಡಿಯುವ ನಾವು, ತಮಾಷೆಗೆ ಯಾರಾದರೂ ಬೇಕೆನಿಸಿದಾಗ, ಅವನು ನಮ್ಮ ಬಾಗಿಲಿನಿಂದ ಹಿಂದಿರುಗುವ ಆ ಕತ್ತಲ ರಸ್ತೆಯನ್ನು ಒಮ್ಮೆ ನೆನೆದುಕೊಂಡರೆ ಒಳ್ಳೆಯದು.