ಜೂಜಿನ ವ್ಯಸನವನ್ನು ಗುರುತಿಸುವ ಪ್ರಶ್ನಾವಳಿಗಳು: ಒಂದು ಜಾನಪದೀಯ ಪರಾಮರ್ಶೆ

ಜೂಜಿನ ವ್ಯಸನವನ್ನು ವ್ಯಕ್ತಿಯ ಸ್ವಂತ ಉತ್ತರಗಳಿಂದಲೇ ಗುರುತಿಸುವ ಪ್ರಶ್ನಾವಳಿಗಳಲ್ಲಿ ಎರಡು ಪ್ರಸಿದ್ಧವಾಗಿವೆ. ನ್ಯೂಯಾರ್ಕಿನ ಸೌತ್ ಓಕ್ಸ್ ಆಸ್ಪತ್ರೆಯ ಹೆಸರು ಹೊತ್ತ, ಲೆಸ್ಯೂರ್ ಮತ್ತು ಬ್ಲೂಮ್ ಅವರ 1987ರ ಪ್ರಶ್ನಾವಳಿಯಲ್ಲಿ 20 ಅಂಶಗಳಿವೆ. 5 ಅಥವಾ ಅದಕ್ಕೂ ಹೆಚ್ಚು ಅಂಕ ವ್ಯಸನದ ಸೂಚನೆ. ಕೆನಡಾದಲ್ಲಿ 2001ರಲ್ಲಿ ಸಿದ್ಧವಾದ 9 ಪ್ರಶ್ನೆಗಳ ಸೂಚಿ ಕಳೆದ 12 ತಿಂಗಳನ್ನು ಮಾತ್ರ ಕೇಳುತ್ತದೆ. ಅಲ್ಲಿ 27ಕ್ಕೆ 8 ಅಂಕವೇ ಗಡಿ. ಅಲ್ಪ ಸಮಯದಲ್ಲಿ ಬಹುಜನರನ್ನು ವಿಚಾರಿಸಬಲ್ಲ ಈ ಸಾಧನಗಳ ಉಪಯುಕ್ತತೆ ನಿರ್ವಿವಾದ. ಆದರೆ ಬಾದಾಮಿ ಸಮೀಪದ ಚೊಳಚಗುಡ್ಡದಂಥ ಊರಿಗೆ ಇವುಗಳನ್ನು ಒಯ್ಯುವಾಗ ಮೂರು ತೊಡಕುಗಳು ಎದುರಾಗುತ್ತವೆ.

ಮೊದಲನೆಯದು ಪದದ್ದು. ‘ಜೂಜು’ ನಮ್ಮ ಭಾಷೆಯಲ್ಲಿ ನಿಂದೆಯ ಮಾತು. ಅದು ಇತರರು ಆಡುವುದಕ್ಕೆ ಇಟ್ಟ ಹೆಸರು. ತಾನು ಆಡುವುದು ಇಸ್ಪೀಟು, ಅಂದರ್-ಬಾಹರ್. ಮಟ್ಕಾ ಆದರೆ ‘ಓಸಿ ಹಚ್ಚೋದು’. ದೀಪಾವಳಿಯ ಆಟಕ್ಕಂತೂ ಸಂಪ್ರದಾಯದ ಒಪ್ಪಿಗೆಯಿದೆ. ಆದ್ದರಿಂದ ‘ಜೂಜಾಡುತ್ತೀರಾ?’ ಎಂಬ ಪ್ರಶ್ನೆಗೆ ಬರುವ ‘ಇಲ್ಲ’ ಸುಳ್ಳಾಗಿರಲೇಬೇಕೆಂದಿಲ್ಲ.

ಎರಡನೆಯದು ಕಾಲದ್ದು. ಬನಶಂಕರಿ ದೇವಿಯ ನೆಲೆಯಾದ ಈ ಊರಿನ ವರ್ಷ ಒಂದೇ ಸಮನೆ ಹರಿಯುವುದಲ್ಲ. ಬನದ ಹುಣ್ಣಿಮೆಯ ಜಾತ್ರೆ, ನಾಟಕ ಕಂಪನಿಗಳ ಬಿಡಾರ, ಸುಗ್ಗಿ, ಸಾಲ ತೀರಿಸುವ ಗಡುವು ಹಣದ ಚಲನೆಯನ್ನು ನಿರ್ಧರಿಸುತ್ತವೆ. ಉಳ್ಳಾಗಡ್ಡಿ ಮಾರಿದ ಹಣವನ್ನು ಒಂದೇ ವಾರದಲ್ಲಿ ಕಳೆದುಕೊಂಡ ರೈತನೊಬ್ಬ ಐದು ಪ್ರಶ್ನೆಗಳಿಗೆ ‘ಕೆಲವೊಮ್ಮೆ’ ಎಂದನೆಂದು ಭಾವಿಸೋಣ. ಅವನಿಗೆ ದೊರೆಯುವುದು 5 ಅಂಕ, ಮಧ್ಯಮ ಅಪಾಯದ ವರ್ಗ. ಮನೆಯವರಿಗೆ ಒದಗಿದ ಹಾನಿ ಮಾತ್ರ ಮಧ್ಯಮವಲ್ಲ. ಸೂಚಿ ಆವರ್ತನವನ್ನು ಎಣಿಸುತ್ತದೆ. ಕಳೆದದ್ದರ ಪ್ರಮಾಣವನ್ನು ಎಣಿಸುವುದಿಲ್ಲ.

ಮೂರನೆಯದು ಕೇಳುವವನದ್ದು. ಓದಲು ಬಾರದವರಿಗೆ ಪ್ರಶ್ನೆಯನ್ನು ಓದಿ ಹೇಳಬೇಕು. ಹಳ್ಳಿಯ ಕಟ್ಟೆಯಲ್ಲಿ ಅದನ್ನು ನಾಲ್ವರು ಕೇಳುತ್ತಾರೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಮಟ್ಕಾ ಅಪರಾಧವಾಗಿರುವಾಗ, ಅಪರಿಚಿತನ ಕಾಗದದ ಮುಂದೆ ‘ಹೌದು’ ಎನ್ನುವುದು ತಪ್ಪೊಪ್ಪಿಗೆಯೇ ಸರಿ.

ಇದರ ಮೂಲ ಈ ಸಾಧನಗಳ ಹುಟ್ಟಿನಲ್ಲಿಯೇ ಇದೆ. 1987ರ ಪ್ರಶ್ನಾವಳಿ ಚಿಕಿತ್ಸೆಗೆ ದಾಖಲಾದವರ ನಡುವೆ ರೂಪುಗೊಂಡಿತು. ಪಣ ಹೆಚ್ಚಿಸುವ ತುಡಿತವನ್ನೂ ಆಪ್ತರಿಗೆ ಸುಳ್ಳು ಹೇಳಿದ್ದನ್ನೂ ಎರಡೇ ಪ್ರಶ್ನೆಗಳಲ್ಲಿ ವಿಚಾರಿಸುವ 1997ರ ಪ್ರಶ್ನಾವಳಿಯನ್ನು ಪರೀಕ್ಷಿಸಿದ್ದು ಜೂಜು ಬಿಡಲೆಂದು ಸಂಘ ಸೇರಿದವರ ಮೇಲೆ. ಒಪ್ಪಿಕೊಂಡವರ ನಡುವೆ ಬೆಳೆದ ಅಳತೆಗೋಲು ಒಪ್ಪಿಕೊಳ್ಳದವರನ್ನು ಅಷ್ಟೇ ನಿಖರವಾಗಿ ಅಳೆಯಲಾರದು.

ಹಾಗೆಂದು ಇವನ್ನು ಕೈಬಿಡುವುದು ಪರಿಹಾರವಲ್ಲ. ಆಟಗಳನ್ನು ಅವುಗಳ ರೂಢಿಯ ಹೆಸರಿನಿಂದಲೇ ಕೇಳಬೇಕು. ತಿಂಗಳಿಗೆ ಬದಲು ಹಬ್ಬ, ಜಾತ್ರೆ, ಸುಗ್ಗಿಗಳನ್ನು ನೆನಪಿನ ಗುರುತಾಗಿಸಬೇಕು. ವಿಚಾರಣೆ ಏಕಾಂತದಲ್ಲಿ ನಡೆಯಬೇಕು. ಮನೆಯ ಹೆಂಗಸರ ಮಾತಿಗೂ, ಅವರಿಗೆ ತೊಂದರೆಯಾಗದಂತೆ, ಸ್ಥಾನವಿರಬೇಕು. ಅಡವಿಟ್ಟ ಬಂಗಾರದ ಲೆಕ್ಕ ಅವರಿಗೆ ಗೊತ್ತಿರುತ್ತದೆ. ಅಂಕವನ್ನು ತೀರ್ಪೆಂದು ತಿಳಿಯದೆ ಮಾತುಕತೆಯ ಆರಂಭವೆಂದು ಬಗೆದಾಗ ಮಾತ್ರ ಸೊನ್ನೆ ಪಡೆದವನ ಮನೆಯ ಸಂಕಟವೂ ಅಧ್ಯಯನದ ಕಣ್ಣಿಗೆ ಬಿದ್ದೀತು.